ಒರಟು ನೆಲದಲ್ಲಿ ಪೊದೆ ಸವರುವ ಯಂತ್ರದ ಬ್ಲೇಡ್ ಮತ್ತು ಬೋಲ್ಟ್‌ಗಳ ನಿರ್ವಹಣೆ
ಕಲ್ಲು, ಬೊಡ್ಡೆಗಳು ಅಡಗಿರುವ ನೆಲದಲ್ಲಿ ಬ್ಲೇಡಿಗಿಂತ ಮೊದಲು ಅದನ್ನು ಹಿಡಿದಿರುವ ಬೋಲ್ಟೇ ಸೋಲುವುದುಂಟು. ಆದ್ದರಿಂದ ತಪಾಸಣೆಯನ್ನು ಅಲ್ಲಿಂದಲೇ ಆರಂಭಿಸುವುದು ಲೇಸು. ಎಂಜಿನ್ ತಣಿದ ಮೇಲೆ ಸ್ಪಾರ್ಕ್ ಪ್ಲಗ್‌ನ ತಂತಿಯನ್ನು ಕಳಚಿ, ದಪ್ಪ ಕೈಗವಸು ಧರಿಸಿ, ಏರ್ ಫಿಲ್ಟರ್ ಇರುವ ಬದಿ ಮೇಲಾಗುವಂತೆ ಯಂತ್ರವನ್ನು ಓರೆ ಮಾಡಬೇಕು; ಇಲ್ಲವಾದರೆ ಎಣ್ಣೆ ಫಿಲ್ಟರಿಗೆ ಇಳಿಯುತ್ತದೆ.

ತಿರುಗುವ ದಂಡಕ್ಕೆ ಸುತ್ತಿಕೊಂಡ ಬಳ್ಳಿ, ತಂತಿಗಳು ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲನ್ನು ಕೊರೆದು ಬೇರಿಂಗನ್ನೇ ಕೆಡಿಸಬಲ್ಲವಾದ್ದರಿಂದ ಅವನ್ನು ಪೂರ್ತಿಯಾಗಿ ಬಿಡಿಸಬೇಕು. ಬೋಲ್ಟಿನ ರಂಧ್ರ ಅಂಡಾಕಾರಕ್ಕೆ ಹಿಗ್ಗಿದ್ದರೆ, ಅಥವಾ ಅದರ ಸುತ್ತ ಸಣ್ಣದೊಂದು ಬಿರುಕು ಕಂಡರೂ, ಬ್ಲೇಡನ್ನು ವೆಲ್ಡಿಂಗ್ ಮಾಡಿಸುವ ಯೋಚನೆ ಬಿಟ್ಟು ಬದಲಿಸಲೇಬೇಕು. ಬಿಚ್ಚಿದ ನೈಲಾನ್ ಲಾಕ್ ನಟ್ಟನ್ನು (ಸಡಿಲವಾಗದಂತೆ ಒಳಗೆ ನೈಲಾನ್ ಬಳೆಯಿರುವ ನಟ್ಟು) ಮರಳಿ ಬಳಸುವುದು ಉಳಿತಾಯವೆನಿಸದು. ಹೊಸದನ್ನು ಟಾರ್ಕ್ ರೆಂಚಿನಿಂದ (ಬಿಗಿಯ ಪ್ರಮಾಣ ತೋರಿಸುವ ಪಾನಾ) ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿ ಮಾಡಿ, ಸ್ವಲ್ಪ ಹೊತ್ತು ಕೆಲಸವಾದ ನಂತರ ಮತ್ತೊಮ್ಮೆ ಪರೀಕ್ಷಿಸಬೇಕು.

ಹರಿತಗೊಳಿಸುವಾಗ ಅಂಚಿನ ಮೂಲ ಓರೆ ಕೆಡಬಾರದು. ಗ್ರೈಂಡರನ್ನು ಒತ್ತಿ ಹಿಡಿದರೆ ಅಂಚು ನೀಲಿಗಟ್ಟುತ್ತದೆ, ಅಂದರೆ ಉಕ್ಕಿನ ಹದ ಹೋಯಿತೆಂದೇ ಅರ್ಥ. ಕ್ಷೌರದ ಕತ್ತಿಯಂಥ ಹರಿತ ಇಲ್ಲಿ ಬೇಡ. ತೆಳುವಾದ ಅಂಚು ಕಲ್ಲಿಗೆ ತಾಗಿದೊಡನೆ ಮುಕ್ಕಾಗುತ್ತದೆ. ಉದ್ದನೆಯ ಒಂಟಿ ಬ್ಲೇಡಾದರೆ ನಡುರಂಧ್ರವನ್ನು ಮೊಳೆಗೆ ತೂಗುಹಾಕಿ, ಕೆಳಕ್ಕೆ ವಾಲುವ ಬದಿಯನ್ನು ಇನ್ನಷ್ಟು ಉಜ್ಜಬೇಕು. ಬಿಡಿ ಬ್ಲೇಡುಗಳನ್ನು ಜೋಡಿಯಾಗಿಯೇ ಬದಲಿಸಬೇಕು, ಏಕೆಂದರೆ ತೂಕ ಏರುಪೇರಾದರೆ ನಡುಗುವಿಕೆಯಿಂದ ಬೋಲ್ಟ್‌ಗಳು ಮತ್ತೆ ಸಡಿಲವಾಗುತ್ತವೆ.