ವಿಜಯಪುರಕ್ಕೆ ಒಂದು ರಾತ್ರಿ ಕೊಟ್ಟ ಮೇಲೆ: ನನ್ನ ಅನುಭವ

ಹುಬ್ಬಳ್ಳಿಯಿಂದ ಸಣ್ಣ ಗುಂಪುಗಳನ್ನು ಪ್ರವಾಸಕ್ಕೆ ಕರೆದೊಯ್ಯುವ ನಮ್ಮಂಥವರಲ್ಲಿ ವಿಜಯಪುರದ ಬಗ್ಗೆ ಒಂದು ಮಾತು ಬಹಳ ಹಿಂದಿನಿಂದಲೂ ಇದೆ: ಗೋಳಗುಮ್ಮಟ ತೋರಿಸಿ, ಊಟ ಮಾಡಿಸಿ, ಇಬ್ರಾಹಿಂ ರೋಜಾದ ಮುಂದೆ ಫೋಟೊ ತೆಗೆಸಿದರೆ ಊರು ಮುಗಿಯಿತು, ರಾತ್ರಿ ಅಲ್ಲಿ ಉಳಿಸಿದರೆ ಕೋಣೆಯ ಬಾಡಿಗೆ ಕೈ ಕಚ್ಚುತ್ತದೆ. ನಾನು ಎರಡು ದಿನ, ಒಂದು ರಾತ್ರಿಯ ಯೋಜನೆಯನ್ನು ಹೇಳಿದಾಗ ಇದೇ ವೃತ್ತಿಯ ಇಬ್ಬರು ಹಿರಿಯ ಗೆಳೆಯರು ಬೇಡವೆಂದರು. ನನ್ನ ಚಾಲಕನಂತೂ ನಕ್ಷೆಯ ಕ್ರಮ ಬಿಟ್ಟು ಊರೊಳಗೆ ಹೀಗೆ ಹಿಂದೆ ಮುಂದೆ ಓಡಾಡಿದರೆ ಡೀಸೆಲ್‌ಗೇ ನನ್ನ ಲಾಭ ಹೋಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದ. 2022ರ ನವೆಂಬರಿನಿಂದ ಈಚೆಗೆ ಅದೇ ಯೋಜನೆಯಲ್ಲಿ ಒಂಬತ್ತು ಗುಂಪುಗಳನ್ನು ಕರೆದೊಯ್ದಿದ್ದೇನೆ, ಒಂದರಲ್ಲೂ ನಷ್ಟವಾಗಿಲ್ಲ. ಆದ್ದರಿಂದ ಹೇಗೆ ಮಾಡಿದೆನೆಂದು ಬರೆಯುತ್ತಿದ್ದೇನೆ.

ಮೊದಲು ಸೋತ ಬಗೆಯನ್ನು ಹೇಳಬೇಕು. 2018ರ ಡಿಸೆಂಬರಿನಲ್ಲಿ 14 ಜನರನ್ನು ತಲಾ 1,450 ರೂಪಾಯಿಗೆ ಒಂದೇ ದಿನದ ಪ್ರವಾಸಕ್ಕೆ ಕರೆದೊಯ್ದೆ. ಬೆಳಿಗ್ಗೆ ಆರಕ್ಕೆ ಹೊರಟು ಹನ್ನೊಂದೂವರೆಗೆ ಗೋಳಗುಮ್ಮಟದ ಎದುರು ಇಳಿದಾಗ ಅಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲಾಗಿ ನಿಂತಿದ್ದವು. ಡಿಸೆಂಬರ್ ಮತ್ತು ಜನವರಿಯಲ್ಲಿ ಹೀಗಾಗುವುದು ನಮಗೆಲ್ಲ ಗೊತ್ತಿರುವ ಸಂಗತಿ, ಆದರೆ ಅದರ ಪರಿಣಾಮ ಎಷ್ಟೆಂಬುದನ್ನು ನಾನು ಅಂದಾಜು ಮಾಡಿರಲಿಲ್ಲ. ನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಏದುಸಿರು ಬಿಡುತ್ತ ಹತ್ತಿ ಪಿಸುಮಾತಿನ ಗ್ಯಾಲರಿಗೆ ಹೋದವರಿಗೆ ಮಕ್ಕಳ ಕೂಗು, ಸಿಳ್ಳೆಗಳ ಗದ್ದಲವೊಂದೇ ಕೇಳಿಸಿತು. ಎದುರು ಗೋಡೆಯ ಬಳಿ ಪಿಸುಗುಟ್ಟಿದ ಮಾತು ಸುಮಾರು 38 ಮೀಟರ್ ದಾಟಿ ಈಚೆ ಬರುವ ಸೋಜಿಗವನ್ನು ಕೇಳಲೆಂದೇ ಬಂದವರು ಅದನ್ನು ಕೇಳದೆ ಇಳಿದರು. ಮಧ್ಯಾಹ್ನದ ಬಿಸಿಲಿನಲ್ಲಿ ಉಳಿದ ಕಟ್ಟಡಗಳ ಕಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿ ನಡೆಸಿದ್ದರಿಂದ ಇಬ್ಬರು ಹಿರಿಯರು ವಾಹನದಲ್ಲೇ ಕುಳಿತುಬಿಟ್ಟರು. ಊರಿಗೆ ಮರಳಿದ ಮೇಲೆ ಆರು ಜನರಿಗೆ ಅರ್ಧ ಹಣವನ್ನು ನಾನಾಗಿಯೇ ಹಿಂದಿರುಗಿಸಿದೆ. ವಾಹನ, ಊಟ, ಟಿಕೆಟ್ಟು ಎಲ್ಲ ಕಳೆದು ಉಳಿಯಬೇಕಿದ್ದ ಮೂರು ಸಾವಿರ ಹೋಗಿ, ಕೈಯಿಂದ ಸುಮಾರು 1,300 ರೂಪಾಯಿ ಹಾಕಬೇಕಾಯಿತು.

ಎರಡನೆಯ ಸಲ, 2019ರ ಫೆಬ್ರುವರಿಯಲ್ಲಿ, ಬೆಳಗಿನ ಹೊತ್ತೇ ಮದ್ದು ಎಂದುಕೊಂಡು ನಡುರಾತ್ರಿ ಒಂದೂವರೆಗೆ ಹುಬ್ಬಳ್ಳಿ ಬಿಟ್ಟೆ. ಏಳಕ್ಕೆ ಮುಂಚೆ ಗೋಳಗುಮ್ಮಟ ಸೇರಿದೆವು, ಪ್ರತಿಧ್ವನಿಯೂ ಸ್ಪಷ್ಟವಾಗಿ ಕೇಳಿಸಿತು. ಆ ಭಾಗ ಗೆದ್ದಿತು, ಉಳಿದದ್ದೆಲ್ಲ ಸೋತಿತು. ನಿದ್ದೆಗೆಟ್ಟ ಜನ ಹತ್ತು ಗಂಟೆಯ ಹೊತ್ತಿಗೆ ತೂಕಡಿಸುತ್ತಿದ್ದರು. ಪೂರ್ವದ ತುದಿಯಲ್ಲಿರುವ ಗೋಳಗುಮ್ಮಟದಿಂದ ಆರಂಭಿಸಿ, ನಕ್ಷೆ ಹೇಳಿದಂತೆ ಪಶ್ಚಿಮಕ್ಕೆ ಸಾಗಿ, ಮಧ್ಯಾಹ್ನ ಮೂರಕ್ಕೆ ಇಬ್ರಾಹಿಂ ರೋಜಾ ತಲುಪಿದಾಗ ಗುಂಪಿನ ಒಬ್ಬ ತಾಯಿ, "ಇದು ಅದಕ್ಕಿಂತ ಸಣ್ಣದಲ್ಲೇನ್ರೀ?" ಎಂದು ಕೇಳಿದರು. ಆ ಪ್ರಶ್ನೆಯಿಂದಲೇ ನನಗೆ ದಾರಿ ಸಿಕ್ಕಿತು. ಹೊರಗಿನ ಅಳತೆಯಲ್ಲಿ ಸುಮಾರು 44 ಮೀಟರ್ ಅಗಲದ ಗುಮ್ಮಟವನ್ನು ಮೊದಲೇ ಕಂಡ ಕಣ್ಣಿಗೆ ಆಮೇಲೆ ಕಾಣುವುದೆಲ್ಲ ಸಣ್ಣದಾಗಿಯೇ ತೋರುತ್ತದೆ. ಅಕ್ಷರಗಳನ್ನೇ ಜಾಲಂಧ್ರವಾಗಿ ಕೊರೆದ ಕಿಟಕಿಗಳ ಮುಂದೆ ನಿಂತರೂ ಮನಸ್ಸು ಗಾತ್ರವನ್ನೇ ಅಳೆಯುತ್ತಿರುತ್ತದೆ.

ಹೀಗಾಗಿ ಯೋಜನೆಯನ್ನು ನಕ್ಷೆಯ ಬದಲು ವಂಶಾವಳಿಯ ಮೇಲೆ ಕಟ್ಟಿದೆ. ಇಬ್ರಾಹಿಂ ರೋಜಾ 1627ರದು. ವಿಜಯಪುರದ ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲ್ ಶಾ ಮತ್ತು ಅವನ ರಾಣಿ ತಾಜ್ ಸುಲ್ತಾನಾರ ಸಮಾಧಿಗಳು ಅಲ್ಲಿವೆ. ಗೋಳಗುಮ್ಮಟ ಅವನ ಮಗ ಮಹಮ್ಮದನದು, 1656ರಲ್ಲಿ ಅವನು ತೀರಿಕೊಂಡು ಅಲ್ಲಿಯೇ ಸಮಾಧಿಯಾದ. ಅರ್ಧಕ್ಕೆ ನಿಂತ ಸಮಾಧಿ ಕಟ್ಟಡ ಬಾರಾ ಕಮಾನ್ ಮೊಮ್ಮಗ ಎರಡನೆಯ ಅಲಿಯದು, ಅವನು ತೀರಿಕೊಂಡದ್ದು 1672ರಲ್ಲಿ. ಕೊನೆಗೆ ಗಗನ ಮಹಲ್. 1561ರ ಅರಮನೆಯಾದರೂ ಕಥೆ ಮುಗಿಯುವುದು ಅಲ್ಲಿಯೇ, ಏಕೆಂದರೆ 1686ರಲ್ಲಿ ಕೊನೆಯ ಸುಲ್ತಾನ ಸಿಕಂದರ್ ಆದಿಲ್ ಶಾ ಔರಂಗಜೇಬನಿಗೆ ಶರಣಾದದ್ದು ಅಲ್ಲಿ. ಅಪ್ಪ, ಮಗ, ಮೊಮ್ಮಗ, ಆಮೇಲೆ ಪತನ: ಈ ಅನುಕ್ರಮದಲ್ಲಿ ತೋರಿಸಿದಾಗ, ಕುಸುರಿಯಲ್ಲಿ ಅಪ್ಪನನ್ನು ಮೀರಲಾಗದ ಮಗ ಗಾತ್ರದಲ್ಲಿ ಮೀರಿದನೆಂಬ ಮಾತನ್ನು ನಾನು ಹೇಳಬೇಕಾಗಿಯೇ ಇಲ್ಲ, ಜನರೇ ಹೇಳುತ್ತಾರೆ. ಮೂರು ತಲೆಮಾರಿನ ಕಟ್ಟಡಗಳನ್ನು ಒಂದೇ ಊರಿನಲ್ಲಿ ಇಷ್ಟು ಹತ್ತಿರದಲ್ಲಿ ತೋರಿಸುವ ಭಾಗ್ಯ ನಮ್ಮ ವೃತ್ತಿಯವರಿಗೆ ಇನ್ನೆಲ್ಲಿ ಸಿಗುತ್ತದೆಯೋ ಹೇಳಲಾರೆ.

ಮೊದಲ ದಿನ ಹುಬ್ಬಳ್ಳಿಯನ್ನು ಏಳಕ್ಕೆ ಬಿಟ್ಟು, ಬೀಳಗಿ ದಾಟಿ ಕೃಷ್ಣೆಯ ಸೇತುವೆಯ ಆಚೆ ಕೊಲ್ಹಾರದಲ್ಲಿ ಮಣ್ಣಿನ ಗಡಿಗೆಯ ಮೊಸರಿಗೆ ಹದಿನೈದು ನಿಮಿಷ ನಿಲ್ಲಿಸುತ್ತೇನೆ. ಈ ಮೊಸರನ್ನು ಊಟದ ಜೊತೆಗೇ ಕೊಂಡೊಯ್ದರೆ ಖಾನಾವಳಿಯ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಊಟ ಇನ್ನೊಂದು ಮಟ್ಟಕ್ಕೆ ಏರುತ್ತದೆ. ಯಾವ ಖಾನಾವಳಿ ಎಂಬುದನ್ನು ಮಾತ್ರ ಹೇಳಲಾರೆ. ಒಳಗೆ ಇಪ್ಪತ್ತು ಜನರಿಗಷ್ಟೇ ಜಾಗವಿದೆ, ಅದು ನನ್ನ ಗುಂಪಿಗೆ ಬೇಕು. ಊಟದ ಬಳಿಕ ಕೋಣೆಗೆ ಹೋಗಿ ಎಲ್ಲರೂ ಮೂರರವರೆಗೆ ಮಲಗಬೇಕು, ಈ ನಿಯಮವನ್ನು ನಾನು ಸಡಿಲಿಸುವುದಿಲ್ಲ. ಮೂರೂಕಾಲಕ್ಕೆ ತಾಜ್ ಬಾವಡಿ. ತಾಜ್ ಸುಲ್ತಾನಾಳ ಹೆಸರಿನಲ್ಲಿ 1620ರಲ್ಲಿ ಕಟ್ಟಿಸಿದ ಬಾವಿಯಿಂದ ಹೊರಟು ಒಂದೂವರೆ ಗಂಟೆಯೊಳಗೆ ಅವಳ ಸಮಾಧಿಯ ಮುಂದೆ ನಿಲ್ಲಿಸುವುದು ನನಗೆ ಬಹಳ ಪ್ರಿಯವಾದ ಜೋಡಣೆ.

ನಡುವೆ ಮಲಿಕ್-ಎ-ಮೈದಾನ್ ತೋಪು ಬರುತ್ತದೆ. ಅಹಮದ್‌ನಗರದಲ್ಲಿ 1549ರಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ತೋಪು ಇದು. ಇದರ ಬಾಯಿಯಲ್ಲಿ ಸಿಂಹ ಆನೆಯನ್ನು ಕಚ್ಚಿರುವುದನ್ನು ಮಕ್ಕಳಿಗೆ ಹುಡುಕಲು ಬಿಡಿ. ಎಂಥ ಬಿಸಿಲಿನಲ್ಲೂ ಇದು ತಣ್ಣಗಿರುತ್ತದೆ ಎಂದು ಎಲ್ಲ ಮಾರ್ಗದರ್ಶಿಗಳೂ ಹೇಳುತ್ತಾರೆ. ನಾನು ಈ ಮಾತನ್ನು ಬೇರೆ ಬೇರೆ ಹೊತ್ತಿನಲ್ಲಿ ಆರೇಳು ಸಲ ಕೈಯಿಟ್ಟು ಪರೀಕ್ಷಿಸಿದ್ದೇನೆ. ನೆರಳಿನ ಬದಿ ಯಾವಾಗಲೂ ತಂಪು. ಮೇಲ್ಭಾಗ ಏಪ್ರಿಲಿನ ಎರಡು ಗಂಟೆಗೆ ಬೆಚ್ಚಗೇ ಇತ್ತು, ಆದರೆ ಸುತ್ತಲಿನ ಕಲ್ಲಿನಷ್ಟು ಸುಡುತ್ತಿರಲಿಲ್ಲ. ಹತ್ತಿರದ ಉಪ್ಪಲಿ ಬುರುಜಿನ ಹೊರಸುತ್ತಿನ ಮೆಟ್ಟಿಲುಗಳನ್ನು ಮೊಣಕಾಲು ಗಟ್ಟಿಯಿರುವವರಿಗೆ ಮಾತ್ರ ಬಿಡುತ್ತೇನೆ, ಉಳಿದವರಿಗೆ ಅಷ್ಟರಲ್ಲಿ ಚಹಾ.

ಇಬ್ರಾಹಿಂ ರೋಜಾಕ್ಕೆ ನಾಲ್ಕೂಮುಕ್ಕಾಲಿಗೆ ಹೋಗಬೇಕು, ಅದಕ್ಕೆ ಮುಂಚೆ ಬೇಡ. ಒಂದೇ ಜಗಲಿಯ ಮೇಲೆ ಪಶ್ಚಿಮಕ್ಕೆ ಮಸೀದಿ, ಪೂರ್ವಕ್ಕೆ ಸಮಾಧಿ ಎದುರುಬದುರಾಗಿವೆ. ಹೀಗಾಗಿ ಸಂಜೆ ಮಸೀದಿಯ ನೆರಳಿನಲ್ಲಿ ಆರಾಮವಾಗಿ ಕುಳಿತರೆ ಎದುರಿನ ರೋಜಾದ ಮಿನಾರುಗಳ ಮೇಲೆ ಇಳಿಬಿಸಿಲು ಬೀಳುತ್ತದೆ. ಅಷ್ಟು ಹೊತ್ತಿಗೆ ಕಲ್ಲು ಕಾಲನ್ನು ಸುಡುವುದಿಲ್ಲ, ಆದರೂ ಎಲ್ಲರಿಗೂ ಒಂದು ಜೊತೆ ದಪ್ಪ ಕಾಲುಚೀಲ ತರಲು ಮೊದಲೇ ಹೇಳಿರುತ್ತೇನೆ. ಅಲ್ಲಿ ನಲವತ್ತು ನಿಮಿಷ ನಾನು ಏನೂ ವಿವರಿಸುವುದಿಲ್ಲ.

ಎರಡನೆಯ ದಿನದ ಜಯವೆಲ್ಲ ಬೆಳಗಿನ ಮೊದಲ ಒಂದು ಗಂಟೆಯಲ್ಲಿದೆ. ಐದೂಕಾಲಕ್ಕೆ ಎಬ್ಬಿಸಿ, ಚಹಾ ಕೊಟ್ಟು, ಗೋಳಗುಮ್ಮಟದ ಬಾಗಿಲು ತೆರೆಯುವ ಹೊತ್ತಿಗೆ ಟಿಕೆಟ್ ಕಿಟಕಿಯ ಮುಂದೆ ಇರಬೇಕು. ಅಷ್ಟು ಹೊತ್ತಿನಲ್ಲಿ ಹದಿನಾರು ಜನರಿಗೆ ಚಹಾ ಎಲ್ಲಿ ಸಿಗುತ್ತದೆಂಬುದನ್ನು ನೀವೇ ಹುಡುಕಿಕೊಳ್ಳಿ, ನನಗೆ ಮೂರು ಪ್ರವಾಸ ಬೇಕಾಯಿತು. ಮೇಲಿನ ಗ್ಯಾಲರಿಯಲ್ಲಿ ಗುಂಪನ್ನು ಎರಡು ಭಾಗ ಮಾಡಿ ಎದುರುಬದುರು ಕೂರಿಸಿ, ಹತ್ತು ನಿಮಿಷ ಯಾರೂ ಮಾತನಾಡದಂತೆ ಮಾಡುವುದೇ ಮುಖ್ಯ ಕೆಲಸ. ಒಂದು ಚಪ್ಪಾಳೆಗೆ ಏಳರಿಂದ ಹತ್ತು ಸಲ ಮರುದನಿ ಬರುತ್ತದೆ ಎನ್ನುತ್ತಾರೆ. ನನ್ನ ಎಣಿಕೆಯಲ್ಲಿ ಶಾಂತವಾದ ಬೆಳಗಿನಲ್ಲಿ ಎಂಟು ಸಲ ಸ್ಪಷ್ಟವಾಗಿ ಬಂದಿದೆ, ಆಮೇಲಿನದು ಕರಗಿಹೋಗುತ್ತದೆ. ಕಾಗದ ಹರಿಯುವ ಸದ್ದು, ಬೆಂಕಿಕಡ್ಡಿ ಪೆಟ್ಟಿಗೆಯನ್ನು ಅಲುಗಾಡಿಸುವ ಸದ್ದು, ಹಳೆಯ ಕೀಲಿ ಗಡಿಯಾರದ ಸದ್ದು, ಮೂರನ್ನೂ ನೋಡಿದ್ದೇನೆ. ಕಾಗದವೇ ಎಲ್ಲಕ್ಕಿಂತ ಚೆನ್ನಾಗಿ ದಾಟುತ್ತದೆ. ಮೂಲೆಯ ಗೋಪುರಗಳ ಪೈಕಿ ಯಾವುದರಿಂದ ಹತ್ತಿ, ಗ್ಯಾಲರಿಯ ಯಾವ ಬಾಗಿಲಿನ ಬಳಿ ಕೂರಿಸುತ್ತೇನೆಂಬುದು ನನ್ನಲ್ಲಿಯೇ ಇರಲಿ.

ಹತ್ತಲಾಗದ ಹಿರಿಯರನ್ನು ಹಿಂದೆ ಹೊರಗೆ ಕೂರಿಸಿ ತಪ್ಪು ಮಾಡಿದ್ದೆ. ಈಗ ಅವರನ್ನು ಒಳಗೆ, ಗುಮ್ಮಟದ ನಡುವೆ ಸಮಾಧಿಗಳ ಜಗಲಿಯ ಬದಿಯಲ್ಲಿ ಕೂರಿಸುತ್ತೇನೆ. ಮೇಲಿನವರು ಒಬ್ಬೊಬ್ಬರಾಗಿ ಅವರ ಹೆಸರು ಹಿಡಿದು ಕರೆಯುತ್ತಾರೆ. ಕಳೆದ ವರ್ಷ ಎಪ್ಪತ್ತೆಂಟರ ಅಜ್ಜಿಯೊಬ್ಬರು ಮೊಮ್ಮಗಳ ದನಿ ಗುಮ್ಮಟವನ್ನೆಲ್ಲ ಸುತ್ತಿ ಇಳಿದು ಬಂದಾಗ ಕೈಮುಗಿದು ಕುಳಿತಿದ್ದರು.

ಏಳೂಮುಕ್ಕಾಲಿಗೆ ಇಳಿದು, ತಿಂಡಿ ಮುಗಿಸಿ, ಒಂಬತ್ತಕ್ಕೆ ಜುಮ್ಮಾ ಮಸೀದಿ, ಆಮೇಲೆ ಬಾರಾ ಕಮಾನ್, ಗಗನ ಮಹಲ್. ಈ ಮೂರಕ್ಕೆ ಎರಡೂವರೆ ಗಂಟೆ ಸಾಕು. ಶುಕ್ರವಾರ ಬರುವಂತೆ ಯೋಜನೆ ಹಾಕಬೇಡಿ. ಮಸೀದಿಯಲ್ಲಿ ನಮಾಜಿನ ಜನಸಂದಣಿ ಇರುತ್ತದೆ, ಗೋಳಗುಮ್ಮಟದ ಮುಂದಿನ ವಸ್ತುಸಂಗ್ರಹಾಲಯಕ್ಕೂ ಅಂದು ರಜೆ. ಅಸರ್ ಮಹಲನ್ನು ನಾನು ಕೈಬಿಟ್ಟಿದ್ದೇನೆ, ಒಳಗೆ ಮಹಿಳೆಯರಿಗೆ ಪ್ರವೇಶವಿಲ್ಲ ಎಂದ ಮೇಲೆ ಅರ್ಧ ಗುಂಪನ್ನು ಹೊರಗೆ ನಿಲ್ಲಿಸಲು ನನಗೆ ಮನಸ್ಸು ಬರಲಿಲ್ಲ.

ಒಮ್ಮೆ ಮರಳುವಾಗ ಆಲಮಟ್ಟಿಯ ಸಂಗೀತ ಕಾರಂಜಿಯನ್ನೂ ಸೇರಿಸಿ ನೋಡಿದೆ. ಹುಬ್ಬಳ್ಳಿ ಸೇರುವಾಗ ರಾತ್ರಿ ಒಂದು ಗಂಟೆ, ಚಾಲಕನಿಗೆ ಹೆಚ್ಚುವರಿ ಬಾಟಾ (ದಿನಭತ್ಯೆ), ಮಕ್ಕಳೆಲ್ಲ ಅಳುಮುಖ. ಮತ್ತೆ ಮಾಡಿಲ್ಲ. ಟಾಂಗಾದಲ್ಲಿ ಊರು ಸುತ್ತಿಸುವ ಪ್ರಯೋಗ ಸಣ್ಣ ಗುಂಪಿಗೆ ಚೆನ್ನಾಗಿಯೇ ಇತ್ತು, ಹದಿನಾರು ಜನರಿಗೆ ನಾಲ್ಕು ಟಾಂಗಾ ಹೊಂದಿಸುವುದರಲ್ಲಿ ಒಂದು ಗಂಟೆ ಹೋಯಿತು.

ಈಗ ಹಣದ ಮಾತು. ತಲಾ 3,200ರಂತೆ 16 ಜನರಿಂದ 51,200 ಬರುತ್ತದೆ. ವಾಹನ, ಬಾಟಾ, ಟೋಲ್ ಸೇರಿ 17,000. ಎಂಟು ಕೋಣೆಗಳಿಗೆ 11,000 ಚಿಲ್ಲರೆ. ಊಟ ತಿಂಡಿಗೆ ಹತ್ತೂವರೆ ಸಾವಿರ. ಟಿಕೆಟ್, ಮಾರ್ಗದರ್ಶಿ, ಇತರೆ ಸೇರಿ ಐದು ಸಾವಿರ. ಏಳು ಸಾವಿರಕ್ಕೂ ಮೇಲ್ಪಟ್ಟು ಉಳಿಯುತ್ತದೆ. ಹಿಂದೆ ಮುಂದೆ ಓಡಾಡುವುದಕ್ಕೆ ಚಾಲಕ ಹೆದರಿದ್ದ ಡೀಸೆಲ್ ಖರ್ಚನ್ನು ಮೊದಲ ಪ್ರವಾಸದಲ್ಲೇ ಮೀಟರ್ ನೋಡಿ ಬರೆದಿಟ್ಟಿದ್ದೆ: ಎರಡು ದಿನದಲ್ಲಿ ಹೆಚ್ಚುವರಿಯಾಗಿ ಓಡಿದ್ದು ಎಂಟು ಕಿಲೊಮೀಟರಿಗಿಂತ ಕಡಿಮೆ. ಬೇಡವೆಂದಿದ್ದ ಗೆಳೆಯರಲ್ಲಿ ಒಬ್ಬರು ಕಳೆದ ಜನವರಿಯಲ್ಲಿ ಕರೆ ಮಾಡಿ ಕೋಣೆಗಳ ಬಗ್ಗೆ ವಿಚಾರಿಸಿದರು, ಕೋಣೆಗಳ ವಿಳಾಸ ಕೊಟ್ಟೆ, ಖಾನಾವಳಿಯದನ್ನು ಕೊಡಲಿಲ್ಲ.