ಬಣ್ಣದ ಪದರ ಮರದ ಬಾಣ: ನಾನು ಮಾಡುವ ಬಗೆ

ಬಣ್ಣ ಹಾಕಿದ ಬರ್ಚ್ ಮರದ ಪದರಗಳನ್ನು ಅಂಟಿಸಿದ ಹಲಗೆ ಕೈಗೆ ಬಂದಾಗ ನಾನು ಮೊದಲು ನೋಡುವುದು ನಾರನ್ನು. ಎಲ್ಲ ಪದರಗಳ ನಾರೂ ಉದ್ದಕ್ಕೆ ಒಂದೇ ದಿಕ್ಕಿನಲ್ಲಿರಬೇಕು. ಪದರಗಳನ್ನು ಅಡ್ಡಡ್ಡ ಜೋಡಿಸಿದ ಮಾಮೂಲಿ ಪ್ಲೈವುಡ್ ಬಾಣಕ್ಕೆ ಆಗುವುದಿಲ್ಲ. ಗೆರೆ ನೆಟ್ಟಗಿದೆ ಎಂದು ನಂಬಬೇಡಿ. ಅದು ಅಂಟಿನ ಸಾಲು ಅಷ್ಟೇ. ಓರೆ ನಾರನ್ನು ಬಣ್ಣ ಮುಚ್ಚಿಬಿಡುತ್ತದೆ. ಅಂಚಿನಿಂದ ಒಂದು ಚೂರನ್ನು ಚಾಕುವಿನಲ್ಲಿ ಸೀಳುತ್ತೇನೆ. ಸೀಳು ಪಕ್ಕಕ್ಕೆ ಜಾರಿದರೆ ಆ ಹಲಗೆಯನ್ನು ಬಿಡುತ್ತೇನೆ. ಓರೆ ನಾರಿನ ಬಾಣ ಬಿಡುವಾಗಲೇ ಮುರಿದು ಬಿಲ್ಲು ಹಿಡಿದ ಕೈಗೆ ಚುಚ್ಚಬಹುದು.

10 ಮಿ.ಮೀ. ಚೌಕದ ಪಟ್ಟಿ ಕೊಯ್ದು, ಉದ್ದಕ್ಕೆ ತೋಡು ಕೊರೆದ ಹಲಗೆಯಲ್ಲಿಟ್ಟು, ಹತ್ತರಿಯಿಂದ ಮೂಲೆ ತೆಗೆದು ಎಂಟು ಮುಖ ಮಾಡುತ್ತೇನೆ. ಆಮೇಲೆ ಡ್ರಿಲ್‌ಗೆ ಸಿಕ್ಕಿಸಿ, ನಿಧಾನ ವೇಗದಲ್ಲಿ ತಿರುಗಿಸುತ್ತಾ 80, 120ರ ಸ್ಯಾಂಡ್‌ಪೇಪರಿನಲ್ಲಿ 8.7 ಮಿ.ಮೀ.ಗೆ ಇಳಿಸುವುದು. ಕೊನೆಯ 220 ಮಾತ್ರ ಕೈಯಲ್ಲಿ, ಉದ್ದುದ್ದಕ್ಕೆ. ತಿರುಗಿಸುತ್ತಲೇ ಉಜ್ಜಿದರೆ ಕಡುಬಣ್ಣದ ಪುಡಿ ತಿಳಿ ಪದರಕ್ಕೆ ಮೆತ್ತಿಕೊಳ್ಳುತ್ತದೆ. ಡೊಂಕಿದ್ದರೆ ಬಿಸಿ ಮಾಡದೆ ಕೈಯಲ್ಲೇ ಬಗ್ಗಿಸಿ ತಿದ್ದಬೇಕು. ಶಾಖಕ್ಕೆ ಅಂಟು ಸಡಿಲವಾಗಬಹುದು.

ಹೆದೆ ಕೂರುವ ಸೀಳಿನ ವಿಷಯದಲ್ಲಿ ರಾಜಿಯಿಲ್ಲ. ಕೋಲಿನ ತುದಿಯಲ್ಲಿ ಕಾಣುವ ಪದರದ ಗೆರೆಗಳಿಗೆ ಸೀಳು ಅಡ್ಡವಾಗಿಯೇ ಇರಬೇಕು. ಗೆರೆಯ ಜೊತೆಗೇ ಕೊಯ್ದರೆ ಹೆದೆ ಬೆಣೆಯಂತೆ ಹೊಕ್ಕು ಅಂಟಿನ ಸಾಲನ್ನೇ ಬಿಡಿಸುತ್ತದೆ. ಸೀಳಿನ ಬುಡದ ಕೆಳಗೆ ದಾರ ಬಿಗಿಯಾಗಿ ಸುತ್ತಿ ಅಂಟು ಹಚ್ಚಿ. ಮೂರು ಗರಿಗಳಲ್ಲಿ ಬಿಲ್ಲಿನಿಂದ ಆಚೆಗೆ ಮುಖಮಾಡುವ ಹುಂಜಗರಿ ಸೀಳಿಗೆ ಲಂಬವಾಗಿ ನಿಲ್ಲಬೇಕು, ಉಳಿದೆರಡು 120 ಡಿಗ್ರಿ ಅಂತರದಲ್ಲಿ. ಮೂರೂ ಒಂದೇ ಬದಿಯ ರೆಕ್ಕೆಯ ಗರಿಗಳಾಗಿರಲಿ.

ಬಿಗುವು, ಅಂದರೆ ಕೋಲು ಬಾಗದೆ ತಡೆಯುವ ಗುಣ, ಅಳೆಯುವಾಗ ಪದರಗಳು ನೆಟ್ಟಗೆ ನಿಂತಿರುವಂತೆ ಕೋಲನ್ನು ಮಲಗಿಸುತ್ತೇನೆ, ಏಕೆಂದರೆ ಬಿಲ್ಲಿಗೆ ತಾಗುವುದು ಪದರಗಳ ಅಂಚು ಕಾಣುವ ಬದಿಯೇ. 26 ಇಂಚು ಅಂತರದ ಎರಡು ಆಧಾರಗಳ ನಡುವೆ 2 ಪೌಂಡ್ ತೂಕ ನೇತುಹಾಕಿದಾಗ ಕೋಲು 0.52 ಇಂಚು ಜಗ್ಗಿದರೆ ಅದು 50 ಪೌಂಡಿನ ಕೋಲು, ಅಂದರೆ ಸುಮಾರು ಅಷ್ಟು ಎಳೆತದ ಬಿಲ್ಲಿಗೆ ಹೊಂದುವ ಬಿಗುವಿನದು. ಒಂದು ಕಟ್ಟಿನ ಬಾಣಗಳಲ್ಲಿ 5 ಪೌಂಡಿಗಿಂತ ಹೆಚ್ಚು ವ್ಯತ್ಯಾಸ ಇಟ್ಟುಕೊಳ್ಳುವುದಿಲ್ಲ.

ಈ ಮರ ಭಾರ. 76 ಸೆಂ.ಮೀ. ಪೈನ್ ಕೋಲು 23 ಗ್ರಾಂ ಆಸುಪಾಸು ತೂಗಿದರೆ, ಇದು 35 ದಾಟಬಹುದು. ಕಡಿಮೆ ಎಳೆತದ ಬಿಲ್ಲಿಗೆ ಪೈನ್ ಕೋಲನ್ನೇ ಇಟ್ಟುಕೊಂಡು, ಮುಂಭಾಗದ 20 ಸೆಂ.ಮೀ.ಗೆ ಮಾತ್ರ ಬಣ್ಣದ ಮರ ಬೆಸೆಯುತ್ತೇನೆ. ಬಣ್ಣದ ತುಂಡಿನಲ್ಲಿ 15 ಸೆಂ.ಮೀ. ಆಳದ ಸೀಳು, ಪೈನ್ ತುದಿಗೆ ಅಷ್ಟೇ ಉದ್ದದ ಬೆಣೆ. ಸೀಳಿನ ಬುಡಕ್ಕೆ ಕ್ಲಾಂಪ್ ಹಾಕಿಯೇ ಬೆಣೆ ತೂರಿಸಬೇಕು, ಇಲ್ಲದಿದ್ದರೆ ಸೀಳು ಮುಂದಕ್ಕೆ ಓಡುತ್ತದೆ. ಬೆಣೆ ಬುಡ ಮುಟ್ಟದೆ ಸಂದು ಉಳಿದರೆ, ಗುರಿಗೆ ಬಡಿದಾಗ ಮುರಿಯುವುದು ಅಲ್ಲೇ.