ಫಾರ್ಮ್ಯಾಟ್ ಮಾಡದೆ ಭಾಷಾ ಸೂಚಕ ಮರಳಿ ತಂದ ಬಗೆ: ನನ್ನ ಅನುಭವ

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಕೊಡಗಿನ ಗೋಣಿಕೊಪ್ಪಲು, ಪಾಲಿಬೆಟ್ಟ, ಸಿದ್ದಾಪುರದ ಕಡೆಯ ತೋಟದ ಕಚೇರಿಗಳಲ್ಲಿ ಅರ್ಹತೆ ಇದ್ದ ಯಂತ್ರಗಳೆಲ್ಲ ಒಂದರ ಹಿಂದೊಂದರಂತೆ 11ಕ್ಕೆ ಏರಿದವು. ಅಂಥದೊಂದು ಕಚೇರಿಯ ಯಂತ್ರದಲ್ಲಿ, ಈಗ ಯಾವ ಭಾಷೆಯಲ್ಲಿ ಟೈಪ್ ಆಗುತ್ತದೆಂದು ತೋರಿಸುತ್ತ ಗಡಿಯಾರದ ಪಕ್ಕದಲ್ಲಿ ಇರಬೇಕಾದ ಭಾಷಾ ಸೂಚಕವೇ ಕಾಣೆಯಾಗಿತ್ತು. ತೋಟದ ರೈಟರು, ಅಂದರೆ ಗುಮಾಸ್ತರು, ಕಾರ್ಮಿಕರಿಗೆ ಹಾಕುವ ನೋಟಿಸು, ಪಂಚಾಯಿತಿಗೆ ಬರೆಯುವ ಪತ್ರ, ಚೆಕ್‌ರೋಲ್‌ನ (ಕಾರ್ಮಿಕರ ಹಾಜರಿ-ಕೂಲಿ ಪುಸ್ತಕದ) ಷರಾ ಎಲ್ಲವನ್ನೂ ಕನ್ನಡದಲ್ಲಿ ಟೈಪ್ ಮಾಡುವವರು. ರೊಬಸ್ಟಾ ಕೊಯ್ಲು ಶುರುವಾಗುವ ಹೊತ್ತಿಗೆ ಅವರ ಕೆಲಸ ನಿಂತುಹೋಗಿತ್ತು.

ನನಗಿಂತ ಮೊದಲು ಆ ಯಂತ್ರವನ್ನು ನೋಡಿದ್ದ ಇಬ್ಬರು ರಿಪೇರಿಯವರೂ "ಒಂದು ಸಲ ಫಾರ್ಮ್ಯಾಟ್ ಹೊಡೆದುಬಿಡಿ ಸಾರ್, ಅಪ್‌ಗ್ರೇಡ್‌ನಲ್ಲಿ ಹೋದದ್ದು ವಾಪಸ್ ಬರುವುದಿಲ್ಲ" ಎಂದು ಹೇಳಿ ಹೋಗಿದ್ದರು. ಬ್ಯಾಕಪ್ ಸೇರಿ ಸುಮಾರು 1,500 ರೂಪಾಯಿ ಕೇಳಿದ್ದರಂತೆ. ಅದರ ಮೇಲೆ ಲೆಕ್ಕದ ತಂತ್ರಾಂಶ, ಹಳೆಯ ಪ್ರಿಂಟರಿನ ಡ್ರೈವರು, ನುಡಿ ಫಾಂಟುಗಳು, ತೂಕದ ಯಂತ್ರದ ಜೋಡಣೆ ಎಲ್ಲವನ್ನೂ ಹೊಸದಾಗಿ ಕೂರಿಸುವ ಖರ್ಚು ಬೇರೆ. 10ಕ್ಕೇ ಹಿಂತಿರುಗೋಣವೆಂದರೆ ಅದಕ್ಕಿರುವ ಹತ್ತು ದಿನಗಳ ಗಡುವು ಆಗಲೇ ದಾಟಿತ್ತು. ಫಾರ್ಮ್ಯಾಟ್ ಇಲ್ಲದೆಯೇ ಸರಿಮಾಡುತ್ತೇನೆಂದು ನಾನು ಹೇಳಿದಾಗ ಕಂಪ್ಯೂಟರ್ ರಿಪೇರಿಯ ನಮ್ಮ ವೃತ್ತಿಯ ಮಿತ್ರರೇ ನಕ್ಕರು.

ಸೆಟ್ಟಿಂಗ್‌ನ ಪಟ್ಟಿಯಲ್ಲಿ ಕೀಬೋರ್ಡ್ ವಿನ್ಯಾಸ ಒಂದೇ ಉಳಿದಿದ್ದರೆ ಸೂಚಕ ಕಾಣುವುದಿಲ್ಲ ಎಂಬುದು ಎಲ್ಲರಿಗೂ ತಿಳಿದದ್ದೇ. ಇಲ್ಲಿ ಇಂಗ್ಲಿಷ್, ಕನ್ನಡ ಇನ್‌ಸ್ಕ್ರಿಪ್ಟ್ (ಭಾರತೀಯ ಭಾಷೆಗಳ ಪ್ರಮಾಣಿತ ಕೀಲಿ ವಿನ್ಯಾಸ), ಕನ್ನಡ ಫೋನೆಟಿಕ್ (ಇಂಗ್ಲಿಷ್ ಅಕ್ಷರಗಳ ಉಚ್ಚಾರಣೆಯಿಂದ ಕನ್ನಡ ಮೂಡಿಸುವಂಥದು) ಮೂರೂ ಪಟ್ಟಿಯಲ್ಲಿದ್ದವು. ಆದರೂ ಕನ್ನಡವನ್ನು ತೆಗೆದು ಮತ್ತೆ ಸೇರಿಸಿದೆ, ಎಕ್ಸ್‌ಪ್ಲೋರರ್ ಮರುಚಾಲನೆ ಮಾಡಿದೆ, ವಿಂಡೋಸ್‌ನ ಕಡತಗಳು ಕೆಟ್ಟಿವೆಯೇ ಎಂದು ನೋಡುವ ಎಸ್‌ಎಫ್‌ಸಿ ಸ್ಕ್ಯಾನ್ ಓಡಿಸಿದೆ. ಸ್ಕ್ಯಾನ್‌ನಲ್ಲಿ ದೋಷ ಯಾವುದೂ ಸಿಗಲಿಲ್ಲ. ಕೆಟ್ಟ ಕಡತಗಳನ್ನು ಇಂಟರ್ನೆಟ್‌ನಿಂದ ತಂದು ಸರಿಪಡಿಸುವ ಡಿಐಎಸ್‌ಎಂ ರಿಪೇರಿಗೆ ತೋಟದ ಇಂಟರ್ನೆಟ್ ಸಾಲದೆ ನನ್ನ ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟೆ. ಆ ದಿನದ ಡೇಟಾ ಮುಗಿದು, ಮೇಲೊಂದು ಪ್ಯಾಕ್ ಹಾಕಿಸಿಕೊಂಡು, ನಡುವೆ ಕರೆಂಟ್ ಹೋಗಿ ಯುಪಿಎಸ್ ಕೂಗಿಕೊಂಡು, ಕೊನೆಗೆ ನೂರು ಶೇಕಡಾ ತಲುಪಿದರೂ ಟಾಸ್ಕ್‌ಬಾರ್‌ನ ಮೂಲೆ ಖಾಲಿಯೇ ಇತ್ತು. ಹಲವು ಜಿಬಿಯ ಐಎಸ್‌ಒ (ವಿಂಡೋಸ್‌ನ ಇನ್‌ಸ್ಟಾಲ್ ಕಡತ) ಇಳಿಸಿ ರಿಪೇರಿ ಇನ್‌ಸ್ಟಾಲ್ ಮಾಡುವ ಯೋಚನೆಯನ್ನು ಅಲ್ಲಿಗೇ ಬಿಟ್ಟೆ. ಹೊಸದೊಂದು ಬಳಕೆದಾರ ಖಾತೆ ತೆರೆದು, ಕನ್ನಡವನ್ನೂ ಸೇರಿಸಿ ನೋಡಿದಾಗ ಅದರಲ್ಲಿಯೂ ಸೂಚಕ ಇರಲಿಲ್ಲವಾದ್ದರಿಂದ, ದೋಷ ಒಂದು ಖಾತೆಯದಲ್ಲ, ಇಡೀ ಯಂತ್ರದ್ದು ಎಂಬುದು ಖಚಿತವಾಯಿತು. ಇಷ್ಟು ಹೊತ್ತಿನ ದುಡಿಮೆಯಲ್ಲಿ ದಕ್ಕಿದ ಮಾಹಿತಿ ಅದೊಂದೇ.

ದಾರಿ ತೋರಿಸಿದ್ದು ಸ್ಟಾರ್ಟ್ ಮೆನುವಿನ ಹುಡುಕುವ ಪೆಟ್ಟಿಗೆ. ವರ್ಡ್‌ನಲ್ಲಿ ಇಂಗ್ಲಿಷ್ ಅಕ್ಷರಗಳು ಸರಾಗವಾಗಿ ಮೂಡುತ್ತಿದ್ದರೂ ಆ ಪೆಟ್ಟಿಗೆಯೊಳಗೆ ಒಂದೇ ಒಂದು ಅಕ್ಷರವೂ ಇಳಿಯುತ್ತಿರಲಿಲ್ಲ. ಕರ್ಸರ್ ಮಿನುಗುತ್ತಿತ್ತು, ಕೀಲಿ ಒತ್ತಿದರೆ ಪ್ರತಿಕ್ರಿಯೆಯೇ ಇಲ್ಲ. ರೈಟರು ಅದನ್ನು ಗಮನಿಸಿದ್ದರೂ, ಹುಡುಕುವ ಪೆಟ್ಟಿಗೆಗೂ ಭಾಷೆಗೂ ಏನು ಸಂಬಂಧವೆಂದು ಯಾರಿಗೂ ಹೇಳಿರಲಿಲ್ಲ. ಆಲ್ಟ್ ಮತ್ತು ಶಿಫ್ಟ್ ಒತ್ತಿದರೆ ವರ್ಡ್‌ನಲ್ಲಿ ಇನ್‌ಸ್ಕ್ರಿಪ್ಟ್ ಕುರುಡಾಗಿ ಬದಲಾಗುತ್ತಿತ್ತು, ಆದರೆ ಫೋನೆಟಿಕ್ ಏಳುತ್ತಲೇ ಇರಲಿಲ್ಲ. ಈ ಮೂರೂ ಲಕ್ಷಣಗಳು ಒಟ್ಟಿಗೆ ಕಂಡರೆ ಸಿಟಿಎಫ್‌ಮಾನ್, ಅಂದರೆ ಭಾಷೆ ಮತ್ತು ಟೈಪಿಂಗನ್ನು ನೋಡಿಕೊಳ್ಳುವ ವಿಂಡೋಸ್‌ನ ಪ್ರೋಗ್ರಾಂ (ctfmon), ಓಡುತ್ತಿಲ್ಲವೆಂದೇ ಅರ್ಥ. ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಿದಾಗ ಅದು ಇರಲಿಲ್ಲ. ರನ್ ಪೆಟ್ಟಿಗೆಯಲ್ಲಿ ಅಕ್ಷರಗಳು ಬೀಳುತ್ತಿದ್ದುದರಿಂದ ಅಲ್ಲಿ ಅದರ ಹೆಸರು ಬರೆದು ಎಂಟರ್ ಒತ್ತಿದೆ; ಕಣ್ಣು ಮಿಟುಕಿಸುವಷ್ಟರಲ್ಲಿ ಗಡಿಯಾರದ ಎಡಕ್ಕೆ ಸೂಚಕ ಬಂದು ನಿಂತಿತು. ರೈಟರಿಗೆ ಸಂತೋಷವಾಯಿತು. ಮರುಚಾಲನೆ ಮಾಡಿದೊಡನೆ ಮತ್ತೆ ಮಾಯ.

ನಕ್ಕಿದ್ದ ಮಿತ್ರರಲ್ಲಿ ಒಬ್ಬರು, ವಿಂಡೋಸ್‌ನ ಸೆಟ್ಟಿಂಗ್‌ಗಳ ಕಣಜವಾದ ರಿಜಿಸ್ಟ್ರಿಯಲ್ಲಿ, ಲಾಗಿನ್ ಆದಾಗ ತಾನಾಗಿ ಓಡಬೇಕಾದವುಗಳನ್ನು ಬರೆಯುವ ರನ್ ಕೀಲಿಗೆ ಸಿಟಿಎಫ್‌ಮಾನ್ ಸೇರಿಸಿ ಕೈತೊಳೆದುಕೊಳ್ಳುವಂತೆ ಫೋನಿನಲ್ಲಿ ಸಲಹೆ ಕೊಟ್ಟರು. ಅದನ್ನೂ ಮಾಡಿ ನೋಡಿದೆ. ಆ ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ ಡೆಸ್ಕ್‌ಟಾಪ್ ಮೂಡಿ ಅರ್ಧ ನಿಮಿಷವಾದ ಮೇಲೆ ಸೂಚಕ ಬರುತ್ತಿತ್ತು, ಅದೂ ರೈಟರ ಖಾತೆಯಲ್ಲಿ ಮಾತ್ರ. ವ್ಯವಸ್ಥಾಪಕರ ಖಾತೆಯಲ್ಲಿ ಇಲ್ಲ. ಹೀಗೆ ತೇಪೆ ಹಾಕಿ ದುಡ್ಡು ಎಣಿಸಿಕೊಳ್ಳುವುದು ನನ್ನ ರೂಢಿಯಲ್ಲ. ಲಾಗಿನ್ ಆದಾಗ ಸಿಟಿಎಫ್‌ಮಾನ್‌ಅನ್ನು ಎಬ್ಬಿಸಬೇಕಾದವರು ಯಾರು, ಅವರು ಏಕೆ ಎಬ್ಬಿಸುತ್ತಿಲ್ಲ ಎಂಬುದನ್ನು ಹುಡುಕುವುದೇ ಸರಿಯೆನಿಸಿ, ನಿಗದಿತ ಹೊತ್ತಿಗೆ ಕೆಲಸಗಳನ್ನು ತಾನಾಗಿ ಓಡಿಸುವ ಟಾಸ್ಕ್ ಶೆಡ್ಯೂಲರ್ ತೆರೆದೆ. ಮೈಕ್ರೋಸಾಫ್ಟ್, ಅದರೊಳಗೆ ವಿಂಡೋಸ್, ಅದರೊಳಗೆ ಟೆಕ್ಸ್ಟ್ ಸರ್ವೀಸಸ್ ಫ್ರೇಮ್‌ವರ್ಕ್ ಎಂಬ ಕಡತಕೋಶದಲ್ಲಿ ಎಂಎಸ್‌ಸಿಟಿಎಫ್‌ಮಾನಿಟರ್ ಎಂಬ ಒಂದೇ ಒಂದು ಕೆಲಸ ಇರುತ್ತದೆ. ಸಿಟಿಎಫ್‌ಮಾನ್‌ಅನ್ನು ಎಬ್ಬಿಸುವುದು ಅದೇ. ಅದರ ಮುಂದೆ 'ಡಿಸೇಬಲ್ಡ್' ಎಂದಿತ್ತು. ಬಲಗುಂಡಿ ಒತ್ತಿ ಎನೇಬಲ್ ಮಾಡಿದೆ, ರನ್ ಕೀಲಿಯ ತೇಪೆಯನ್ನು ಅಳಿಸಿದೆ, ಯಂತ್ರವನ್ನು ಮರುಚಾಲನೆ ಮಾಡಿದೆ. ರೈಟರ ಖಾತೆಯಲ್ಲಿ ಸೂಚಕ ಮೊದಲ ಕ್ಷಣದಿಂದಲೇ ಇತ್ತು, ಹುಡುಕುವ ಪೆಟ್ಟಿಗೆಯೂ ಅಕ್ಷರ ತೆಗೆದುಕೊಂಡಿತು, ಫೋನೆಟಿಕ್ ಕೂಡ ಎದ್ದಿತು.

ವ್ಯವಸ್ಥಾಪಕರ ಖಾತೆಯಲ್ಲಿ ಮಾತ್ರ ಮೂಲೆ ಇನ್ನೂ ಖಾಲಿ. ಇದು ಬೇರೆಯದೇ ಬೀಗ. ಸುಧಾರಿತ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಹಳೆಯ ಡೆಸ್ಕ್‌ಟಾಪ್ ಭಾಷಾ ಪಟ್ಟಿಯನ್ನು ಬಳಸುವ ಆಯ್ಕೆಗೆ ಗುರುತು ಬಿದ್ದಿತ್ತು. ಆ ಪಟ್ಟಿ ಎಕ್ಸೆಲ್ ಸಾಲುಗಳ ಮೇಲೆ ತೇಲಾಡಿ ಅಡ್ಡ ಬರುತ್ತದೆಂದು ಅವರೇ ಎಂದೋ ಅದನ್ನು ಅಡಗಿಸಿದ್ದರು. ರಿಜಿಸ್ಟ್ರಿಯಲ್ಲಿ ಕರೆಂಟ್ ಯೂಸರ್‌ನ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ಸಿಟಿಎಫ್, ಲ್ಯಾಂಗ್‌ಬಾರ್ ಕೀಲಿಯಲ್ಲಿರುವ ಷೋಸ್ಟೇಟಸ್ ಎಂಬ ಮೌಲ್ಯ 0 ಆದರೆ ಪಟ್ಟಿ ತೇಲುತ್ತದೆ, 3 ಆದರೆ ಅಡಗುತ್ತದೆ, 4 ಆದರೆ ಟಾಸ್ಕ್‌ಬಾರ್‌ನಲ್ಲಿ ಕೂರುತ್ತದೆ. ಅಲ್ಲಿ 3 ಇತ್ತು. ಕುತೂಹಲಕ್ಕೆ 0 ಹಾಕಿ, ಪಾರದರ್ಶಕತೆಯನ್ನೂ ಕೊಟ್ಟು ಅವರ ಚಿಕ್ಕ ಪರದೆಯಲ್ಲಿ ತೇಲಿಸಿ ನೋಡಿದೆ. ಬಿಳಿಯ ಹಾಳೆಯ ಮೇಲೆ ಅದು ಓದಲೂ ಆಗದೆ, ಬಿಡಲೂ ಆಗದೆ ನೊಣದಂತೆ ಕೂತಿತ್ತು. 4 ಹಾಕಿ, ಸೈನ್ ಔಟ್ ಆಗಿ ಒಳಬಂದಾಗ ಸರಿಹೋಯಿತು.

ಮಾರನೆಯ ವಾರ ರೈಟರು ಮತ್ತೆ ಫೋನ್ ಮಾಡಿ, ಸೂಚಕ ಹೋಗಿದೆ ಎಂದರು. ಮಿತ್ರರಿಗೆ ಮತ್ತೊಮ್ಮೆ ನಗಲು ಅವಕಾಶ ಸಿಕ್ಕಿತು. ಹೋಗಿ ನೋಡಿದರೆ ಅದೇ ಕೆಲಸ ಮತ್ತೆ ಡಿಸೇಬಲ್ ಆಗಿತ್ತು. ಯಂತ್ರ ತಾನಾಗಿ ಹಾಗೆ ಮಾಡಿಕೊಳ್ಳುವುದಿಲ್ಲ. ಇನ್‌ಸ್ಟಾಲ್ ಆದ ತಂತ್ರಾಂಶಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಅಪ್‌ಗ್ರೇಡ್ ಆದ ದಿನಾಂಕದೊಂದಿಗೆ ಹೋಲಿಸಿದಾಗ, ಅಪ್‌ಗ್ರೇಡ್‌ನ ಬೆನ್ನಿಗೇ ಯಾರೋ ಯಂತ್ರದ ವೇಗ ಹೆಚ್ಚಿಸುವ ಉಚಿತ ತಂತ್ರಾಂಶವೊಂದನ್ನು ಹಾಕಿರುವುದು ಕಂಡಿತು. 'ಅನಗತ್ಯ' ಕೆಲಸಗಳನ್ನು ವಾರಕ್ಕೊಮ್ಮೆ ನಿಲ್ಲಿಸುವಂತೆ ಅದು ತನ್ನದೇ ಒಂದು ವೇಳಾಪಟ್ಟಿಯನ್ನು ಶೆಡ್ಯೂಲರ್‌ನಲ್ಲಿ ಇಟ್ಟುಕೊಂಡಿತ್ತು. ಎಲ್ಲರೂ ಅಪ್‌ಗ್ರೇಡನ್ನು ಬೈದಿದ್ದರು. ಅಪ್‌ಗ್ರೇಡ್ ಆ ಕೆಲಸವನ್ನು ಮುಟ್ಟಿಯೇ ಇರಲಿಲ್ಲ. ತಂತ್ರಾಂಶವನ್ನೂ ಅದು ಬಿಟ್ಟುಹೋದ ವೇಳಾಪಟ್ಟಿಯನ್ನೂ ತೆಗೆದುಹಾಕಿ, ಎಂಎಸ್‌ಸಿಟಿಎಫ್‌ಮಾನಿಟರನ್ನು ಮತ್ತೆ ಎನೇಬಲ್ ಮಾಡಿದೆ.

ನಾನು ತೆಗೆದುಕೊಂಡದ್ದು ಒಟ್ಟು 700 ರೂಪಾಯಿ. ಎರಡು ಸಲದ ಪೆಟ್ರೋಲು, ಡೇಟಾ ಪ್ಯಾಕು ಕಳೆದರೆ ಉಳಿದದ್ದು ಅರ್ಧಕ್ಕಿಂತ ಸ್ವಲ್ಪ ಹೆಚ್ಚಿರಬಹುದು. ಆದರೆ ಆಮೇಲೆ ಇದೇ ದೂರಿನೊಂದಿಗೆ ಬಂದ ಏಳೆಂಟು ಯಂತ್ರಗಳನ್ನು ಅಂಗಡಿಯಲ್ಲೇ ಕೂತು ಹತ್ತು ಹದಿನೈದು ನಿಮಿಷಕ್ಕೊಂದರಂತೆ ಸರಿಮಾಡಿದ್ದೇನೆ. ಇಂಥ ತಂತ್ರಾಂಶಗಳು ನಿಲ್ಲಿಸುವ ಬೇರೆ ಕೆಲಸಗಳೂ ಕೆಲವು ಇವೆ. ಅವನ್ನೆಲ್ಲ ಒಮ್ಮೆಲೇ ಪತ್ತೆಹಚ್ಚುವ ಪುಟ್ಟ ಬ್ಯಾಚ್ ಕಡತವೊಂದನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡಿದ್ದೇನೆ, ಅದರೊಳಗೆ ಏನಿದೆಯೆಂದು ಇಲ್ಲಿ ಬರೆಯುವುದಿಲ್ಲ. ಫಾರ್ಮ್ಯಾಟ್ ಹೊಡೆಯಲು ಹೇಳಿದ್ದ ಇಬ್ಬರಲ್ಲಿ ಒಬ್ಬರು ಈಗ ಅದನ್ನು ಕೇಳುತ್ತಿದ್ದಾರೆ.